ಐನೂರು ಮೈಲಿ ಖಾಲಿ ಗಾಡಿ

ಹೋದ ತಿಂಗಳು ಮುಳಬಾಗಿಲಿಗೆ ಒಂದು ಟ್ರ್ಯಾಕ್ಟರ್ ನೋಡಲು ಹೋಗಿದ್ದೆ. ಮಾರುವವನು ನಾನು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದ. ಬಾನೆಟ್ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು, ಕಾಫಿಗೂ ಕೂರದೆ ವಾಪಸು ಹೊರಟೆ. ಹಳೆ ಗಾಡಿ ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಬಿಸಿಯಾಗಿರುವ ಎಂಜಿನ್ನನ್ನು ನಂಬಬೇಡಿ. ತಣ್ಣಗಿದ್ದಾಗ ಅದು ಹೇಗೆ ಕೆಮ್ಮುತ್ತದೆ ಎನ್ನುವುದರಲ್ಲಿ ಅದರ ವಯಸ್ಸೆಲ್ಲ ಇರುತ್ತದೆ. ಬಸ್ ಸ್ಟ್ಯಾಂಡಿಗೆ ಹತ್ತಿರವಾಗುತ್ತದೆಂದು ಒಂದು ಗಲ್ಲಿಗೆ ತಿರುಗಿದೆ. ಅರ್ಧ ಗಲ್ಲಿ ದಾಟಿರಬೇಕು, ನವಸಾಗರ ಸುಟ್ಟ ವಾಸನೆ ಬಂತು.

ಈಗಿನವರಿಗೆ ಆ ವಾಸನೆ ಗೊತ್ತಿರಲಿಕ್ಕಿಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ, ಕೆಂಡದ ಮೇಲೆ ಕಾದ ಪಾತ್ರೆಯೊಳಗೆ ಬಿಳಿ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಸವರುತ್ತಾರಲ್ಲ, ಆಗ ಏಳುವ ಬಿಳಿ ಹೊಗೆ ಅದು. ಮೂಗಿನ ಬುಡಕ್ಕೆ ಹೋಗಿ ಕಣ್ಣಲ್ಲಿ ನೀರು ತರಿಸುತ್ತದೆ. ನಾನು ದಾರಿಯಲ್ಲಿ ಸುಮ್ಮನೆ ನಿಲ್ಲುವ ಮನುಷ್ಯನಲ್ಲ. ನಿಂತೆ. ಆ ಗಲ್ಲಿಗೆ ನಾಲ್ಕು ವರ್ಷದಿಂದ ಕಾಲಿಟ್ಟಿರಲಿಲ್ಲ.

ನಾಲ್ಕು ವರ್ಷಕ್ಕೂ ಹಿಂದಿನ ಮಾತು. ಯುಗಾದಿಗೆ ಒಂದು ವಾರವಿತ್ತು. ಶ್ರೀನಿವಾಸಪುರದ ಆಚೆ ಗೌನಿಪಲ್ಲಿಯಲ್ಲಿ ಒಬ್ಬರು ಮಾವಿನ ತೋಟದ ಮೂಲೆಯ ಹಳೆ ಶೆಡ್ಡು ಕೆಡವಿಸುತ್ತಿದ್ದಾರೆ, ಒಳಗೊಂದು ಸತ್ತ ಲಾರಿ ಇದೆ ಎಂದು ಸುದ್ದಿ ಬಂತು. ನನ್ನ ಕಸುಬು ಅದೇ. ಹದಿನಾಲ್ಕನೇ ವಯಸ್ಸಿಗೆ ಲಾರಿ ಕ್ಲೀನರಾಗಿ ಹತ್ತಿದವನು, ಆಮೇಲೆ ಡ್ರೈವರು, ಆಮೇಲೆ ಬ್ರೋಕರು, ಈಗ ಕೋಲಾರದ ಹೊರಗೆ ಸ್ವಂತ ಶೆಡ್ಡು. ಓಡುವ ಗಾಡಿಯನ್ನು ಮಾರುತ್ತೇನೆ, ಓಡದ್ದನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿ ಗುಜರಿಗೆ ಹಾಕುತ್ತೇನೆ. ಇವೆರಡರ ನಡುವೆ ಮೂರನೆಯ ಜಾತಿಯ ಗಾಡಿ ಇಲ್ಲ ಎಂದುಕೊಂಡಿದ್ದೆ.

ಜಾಕ್ ಹಿಡಿಯಲು ಜನ ಬೇಕೆಂದು ಅಕ್ಕನ ಮಗ ಹರೀಶನನ್ನು ಕರೆದುಕೊಂಡು ಹೋದೆ. ಟೇಕಲ್ಲಿನವನು. ಆಗ ಇಪ್ಪತ್ತೈದು ವಯಸ್ಸು. ಐಟಿಐ ಮುಗಿಸಿ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಮಾತು ಕಡಿಮೆ, ಕೈ ಚುರುಕು. ಚಿಕ್ಕಂದಿನಿಂದ ನನ್ನ ಶೆಡ್ಡಿಗೆ ಬಂದರೆ ಹೊಸ ಗಾಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಮೂಲೆಯ ತುಕ್ಕಿನ ಹತ್ತಿರ ಹೋಗಿ ಕೂರುತ್ತಿದ್ದ.

ಲಾರಿ ಅಚ್ಚಿನವರೆಗೆ ಮಣ್ಣಲ್ಲಿ ಹೂತಿತ್ತು. ಟೈರು ಎನ್ನುವುದು ಹೆಸರಿಗೂ ಇರಲಿಲ್ಲ. ಮರದ ಕ್ಯಾಬಿನ್ನನ್ನು ಗೆದ್ದಲು ತಿಂದು ಮುಟ್ಟಿದರೆ ಹುಡಿಯಾಗುತ್ತಿತ್ತು. ಮಾವಿನ ಬೇರೊಂದು ಹಿಂದಿನ ಚಕ್ರದೊಳಗಿಂದ ನುಗ್ಗಿ ಆಚೆ ಬಂದಿತ್ತು. ತೋಟದವರು ದೂರದಲ್ಲೇ ನಿಂತು, ತೆಲುಗು ಬೆರೆಸಿ, "ತೀಸ್ಕೊನಿ ಪೋಂಡಿ ಸ್ವಾಮೀ, ಹಾವು ಗೀವು ಇದ್ರೆ ಅದನ್ನೂ ತಗೊಂಡು ಹೋಗಿ" ಎಂದರು. ನಾನು ಸುತ್ತು ಹಾಕಿ ಮನಸ್ಸಿನಲ್ಲೇ ತೂಕ ಹಾಕುತ್ತಿದ್ದೆ. ಹರೀಶ ಮುಂದೆ ಮಂಡಿಯೂರಿ, ಉಗುಳು ಹಚ್ಚಿ, ಅಂಗಿಯ ತುದಿಯಲ್ಲಿ ಒಂದು ಹಿತ್ತಾಳೆ ತಗಡನ್ನು ಉಜ್ಜುತ್ತಿದ್ದ.

"ಮಾಮ, ಇದು ಯುದ್ಧಕ್ಕಿಂತ ಮುಂಚಿನ ಗಾಡಿ."

"ಯಾವ ಯುದ್ಧ?"

"ಎರಡನೇ ಮಹಾಯುದ್ಧ."

"ಹಾಗಾದ್ರೆ ಕಬ್ಬಿಣ ಗಟ್ಟಿ. ತೂಕ ಜಾಸ್ತಿ ಬರತ್ತೆ ಬಿಡು."

ಅವನು ನಗಲಿಲ್ಲ. ಬ್ರೇಕಿಗೆ ಎಣ್ಣೆಯಿಲ್ಲ, ಬರೀ ಕಬ್ಬಿಣದ ಸರಳು, ನೋಡಿ ಎಂದ. ಹ್ಯಾಂಡಲ್ ಹೊಡೆದೇ ಸ್ಟಾರ್ಟ್ ಮಾಡಬೇಕು, ನೋಡಿ ಎಂದ. ಪಕ್ಕದಲ್ಲಿದ್ದ ನಾಲ್ಕು ತೂತುಗಳನ್ನು ಬೆರಳಲ್ಲಿ ಮುಟ್ಟಿ, ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದರಂತೆ, ಇದ್ದಿಲು ಉರಿಸುವ ಉರುಳೆ ಕೂರಿಸಿದ್ದ ಜಾಗ ಇದೇ ಇರಬೇಕು ಎಂದ. ಕೊನೆಗೆ ಎದ್ದು ನಿಂತು, ನೆಲ ನೋಡುತ್ತಾ ಹೇಳಿದ: "ಇದನ್ನ ಕಟ್ ಮಾಡಬೇಡಿ ಮಾಮ."

ನಮ್ಮಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಅವನಿಂದ ನನಗೆ ಬಂದ ಆಸ್ತಿ ಒಂದೇ, ಟವೆಲ್ ಕೆಳಗಿನ ವ್ಯಾಪಾರ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಅಪ್ಪ ಹೇಳುತ್ತಿದ್ದ: ಟವೆಲ್ ಕೆಳಗೆ ಕೊಟ್ಟ ಮಾತಿಗೆ ಸಾಕ್ಷಿ ಇರುವುದಿಲ್ಲ, ಅದಕ್ಕೇ ಅದನ್ನು ಮುರಿಯುವಂತಿಲ್ಲ. ದನ ಹೋಗಿ ಲಾರಿ ಬಂದರೂ ನಾನು ಆ ಪದ್ಧತಿ ಬಿಟ್ಟಿರಲಿಲ್ಲ. ಆವತ್ತು ತಮಾಷೆಗೇ ಹೆಗಲ ಟವೆಲ್ ತೆಗೆದು ಕೈ ಮೇಲೆ ಹಾಕಿಕೊಂಡು ಚಾಚಿದೆ. "ಹಿಡಿ, ಎಷ್ಟು ದಿನ ಬೇಕು?"

ಅವನು ಒಂದೇ ಬೆರಳು ಹಿಡಿದ. ಗಟ್ಟಿಯಾಗಿ ಹಿಡಿದ.

"ಒಂದು ತಿಂಗಳಾ?"

"ಒಂದು ವರ್ಷ ಮಾಮ. ಮುಂದಿನ ಯುಗಾದಿಗೆ ಅದರ ಎಂಜಿನ್ ಅದರಲ್ಲೇ ಓಡತ್ತೆ. ಓಡದಿದ್ರೆ ನಾನೇ ಕಟ್ಟರ್ ಹಿಡಿತೀನಿ."

ಒಪ್ಪಿದೆ. ಓಡಿದರೆ ಆಮೇಲೆ ಅದು ಯಾರದು ಎನ್ನುವ ಮಾತು ಬರಲಿಲ್ಲ. ವ್ಯಾಪಾರದಲ್ಲಿ ಬಾರದ ಮಾತು ಯಾವಾಗಲೂ ನನ್ನ ಕಡೆಗೇ ಇರುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

ಬೇಸಿಗೆಯೆಲ್ಲ ಬಿಚ್ಚುವುದರಲ್ಲೇ ಹೋಯಿತು. ವಾರದ ರಜೆ ಬಂದರೆ ಟೇಕಲ್ಲಿನಿಂದ ಬೈಕಿನಲ್ಲಿ ಬಂದುಬಿಡುತ್ತಿದ್ದ. ಬಿಚ್ಚಿದ ಒಂದೊಂದು ನಟ್ಟಿಗೂ ಒಂದು ಚೀಟಿ ಕಟ್ಟುತ್ತಿದ್ದ. ಎಂಜಿನ್ ಮಾತ್ರ ಕಲ್ಲಿನಂತೆ ಕಚ್ಚಿಕೊಂಡಿತ್ತು. ಪ್ಲಗ್ ತೆಗೆದು ಆರು ತೂತಿಗೂ ಡೀಸೆಲ್ಲು, ಎಣ್ಣೆ ಬೆರೆಸಿ ಹುಯ್ದು ಒಂದು ವಾರ ಬಿಡುವುದು, ಮುಂದಿನ ವಾರ ಬಂದು ಹ್ಯಾಂಡಲ್ ಹಾಕಿ ಅಲುಗಿಸುವುದು, ಮತ್ತೆ ಹುಯ್ಯುವುದು. ಎದುರಿನ ಟೀ ಅಂಗಡಿಯವನು ಪ್ರತಿ ವಾರ ಕೂಗುತ್ತಿದ್ದ: "ಏನ್ಲಾ ಹರೀಶ, ಅಭಿಷೇಕ ಆಯ್ತಾ? ಪ್ರಸಾದ ಯಾವಾಗ?"

ನಾನೂ ಬಿಟ್ಟಿ ಉಪದೇಶ ಕೊಡುತ್ತಿದ್ದೆ. "ಲೇ, ಒಂದು ಹಳೆ ಜೀಪಿನ ಎಂಜಿನ್ ಕೂರಿಸು. ಬಾನೆಟ್ ಎತ್ತಿ ಯಾವನು ನೋಡ್ತಾನೆ?"

"ನಾನು ನೋಡ್ತೀನಲ್ಲ ಮಾಮ" ಎನ್ನುತ್ತಿದ್ದ.

ಆಗಸ್ಟ್ ಕೊನೆಯಲ್ಲಿ, ತಗಡಿನ ಮೇಲೆ ಮಳೆ ಸದ್ದು ಮಾಡುತ್ತಿದ್ದ ಒಂದು ಮಧ್ಯಾಹ್ನ, ಹ್ಯಾಂಡಲ್ ಒಂದು ಗೇಣು ತಿರುಗಿತು. ಅವನು ಕೂಗಲಿಲ್ಲ. ಹ್ಯಾಂಡಲ್ ಬಿಟ್ಟು ಮಳೆಯಲ್ಲಿ ಹೋಗಿ ನಿಂತು ವಾಪಸು ಬಂದ. ಟೀ ಅಂಗಡಿಯವನು ಆವತ್ತು ಕರೆಯದೆಯೇ ಟೀ ತಂದುಕೊಟ್ಟ.

ಎಂಜಿನ್ ಬಿಚ್ಚಿದಾಗ ನಿಜವಾದ ರೋಗ ಕಂಡಿತು. ಈಗಿನ ಎಂಜಿನ್‌ಗಳಲ್ಲಿ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ, ತಂದು ಹಾಕಿದರೆ ಆಯಿತು. ಆ ಕಾಲದ್ದು ಹಾಗಲ್ಲ. ತಿರುಗುವ ದಂಡವನ್ನು ಹಿಡಿದುಕೊಳ್ಳುವ ಕಬ್ಬಿಣದ ಕೈಗಳ ಒಳಗೆ ವೈಟ್ ಮೆಟಲ್ ಎನ್ನುವ ಮೆತ್ತನೆ ಲೋಹವನ್ನು ಕರಗಿಸಿ ಹುಯ್ಯಬೇಕು, ಆಮೇಲೆ ಕೈಯಲ್ಲಿ ಕೆರೆದು ಕೂರಿಸಬೇಕು. ಆ ಪದರವೆಲ್ಲ ಒಡೆದು ಉದುರಿಹೋಗಿತ್ತು. ಕೋಲಾರದಲ್ಲಿ ಕೇಳಿದ, ಬೆಂಗಳೂರಿನಲ್ಲಿ ನಾಲ್ಕು ಕಡೆ ಕೇಳಿದ. ಹುಯ್ಯುವವರು ಈಗ ಯಾರಿದ್ದಾರೆ ಎಂದರು.

ಸೆಪ್ಟೆಂಬರ್ ಪೂರ್ತಿ ಅವನ ಮುಖ ನೋಡಲಾಗುತ್ತಿರಲಿಲ್ಲ. ಒಂದು ದಿನ ನನ್ನ ಬಾಯಿಂದಲೇ ಬಂತು. "ಮುಳಬಾಗಿಲಲ್ಲಿ ಕಲಾಯಿ ಹುಸೇನ್ ಸಾಬ್ರು ಅಂತ ಇದ್ರು. ನಾನು ಕ್ಲೀನರ್ ಆಗಿದ್ದಾಗ ನಮ್ಮ ಲಾರಿಗೆ ಅವರೇ ಹುಯ್ದಿದ್ದು. ಬದುಕಿದ್ದಾರೋ ಇಲ್ವೋ."

ಬದುಕಿದ್ದರು. ಗಲ್ಲಿಯ ಕೊನೆಯ ಮನೆ, ಬಾಗಿಲ ಮುಂದೆ ಹಗ್ಗದ ಮಂಚ. ಎಂಬತ್ತು ದಾಟಿತ್ತು. ಮಗಳು ಜುಬೇದಾ ಹೊರಗೆ ಬಂದು, "ಅಬ್ಬಾಗೆ ಕಣ್ಣು ಕಾಣಲ್ಲ ಅಣ್ಣ, ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು" ಎಂದಳು. ನಾನು ಮಾತಾಡಿದ ಕೂಡಲೇ ಮುದುಕರು ತಲೆ ಎತ್ತಿದರು.

"ಈ ಗಂಟಲು ಗೊತ್ತು ನನಗೆ. ರೆಡ್ಡಿಯವರ ಲಾರಿ ಕ್ಲೀನರ್ ಅಲ್ವಾ? ಅರೆ, ಪಾನಾ ಕದ್ದುಕೊಂಡು ಹೋದವನು."

"ಕದ್ದಿಲ್ಲ ಸಾಬ್ರೇ, ಆ ಸ್ಪ್ಯಾನರ್ ಮರೆತು ತಗೊಂಡು ಹೋಗಿದ್ದೆ."

"ನಲವತ್ತು ವರ್ಷ ಮರೆತಿದ್ದೆ. ಕೂತ್ಕೋ."

ಹರೀಶ ಸಂಚಿಯಿಂದ ಒಂದು ಬೇರಿಂಗಿನ ಮುಚ್ಚಳ ತೆಗೆದು ಅವರ ಕೈಗಿಟ್ಟ. ಉಳಿದಿದ್ದ ಚೂರು ಲೋಹದ ಮೇಲೆ ಮುದುಕರ ಹೆಬ್ಬೆರಳು ಓಡಾಡಿತು. ಎಣ್ಣೆ ಹರಿಯಲು ಕೊರೆದ ಗೀರಿನ ಹತ್ತಿರ ಬಂದು ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು.

"ಇದು ನಮ್ಮ ಅಬ್ಬಾ ಕೈಕೆಲಸ" ಎಂದರು.

ನಾನು ವ್ಯಾಪಾರಸ್ಥ. ಇಂಥ ಮಾತನ್ನು ನಾನೂ ಗಿರಾಕಿಗಳಿಗೆ ಬೇಕಾದಷ್ಟು ಹೇಳಿದ್ದೇನೆ. ನಂಬಲಿಲ್ಲ. ಹರೀಶ ನಂಬಿದ. ಮುದುಕರ ಕಣ್ಣಲ್ಲಿ ನೀರಿತ್ತು, ಅದು ಪೊರೆಯ ನೀರೋ ಬೇರೆಯದೋ ನನಗೆ ತಿಳಿಯಲಿಲ್ಲ.

ಕೂಲಿ ಮಾತಾಡೋಣವೆಂದು ನಾನು ಟವೆಲ್ ತೆಗೆದೆ. ಕಣ್ಣು ಕಾಣದವರ ಹತ್ತಿರ ಟವೆಲ್ ಯಾಕೆ ಎಂದು ಜುಬೇದಾ ನಕ್ಕಳು. ಮುದುಕರು ಮಾತ್ರ ಸರಿಯಾಗಿ ಕೈ ಚಾಚಿ, ಒಳಗೆ ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದರು. ಐದು ಸಾವಿರವೋ, ಇನ್ನೂ ಮೇಲಿನದೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಅವರೇ ಬಾಯಿ ಬಿಟ್ಟು ಹೇಳಿದರು.

"ದುಡ್ಡಲ್ಲ ಕ್ಲೀನರ್. ಐನೂರು ಮೈಲಿ. ನಾನು ಹುಯ್ದ ಮೇಲೆ ಐನೂರು ಮೈಲಿ ಖಾಲಿ ಗಾಡಿ ಓಡಿಸಬೇಕು. ಇಪ್ಪತ್ತರ ಮೇಲೆ ಮುಳ್ಳು ಹೋಗಬಾರದು. ಲೋಡು ಹಾಕಬಾರದು, ಏರು ಹತ್ತಿಸಬಾರದು. ಹೊಸ ವೈಟ್ ಮೆಟಲ್ ಹಸಿ ಬಾಣಂತಿ ಇದ್ದಂಗೆ. ಒಪ್ಪಿದರೆ ಹುಯ್ತೀನಿ."

"ಒಪ್ಪಿದೆ."

"ಕೈ ಒತ್ತು."

ಒತ್ತಿದೆ.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅವರ ಅಂಗಳದಲ್ಲೇ ಕೆಲಸ. ಜುಬೇದಾ ತಿದಿ ಒತ್ತುತ್ತಿದ್ದಳು. ಮದುವೆಗೆ ಮೊದಲಿನಿಂದ ಒತ್ತಿ ಅಭ್ಯಾಸ, ಗಂಡ ತೀರಿ ತವರಿಗೆ ಬಂದ ಮೇಲೆ ಊರವರ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವಳೇ. ಹರೀಶ ಮುದುಕರಿಗೆ ಕಣ್ಣಾದ. ನವಸಾಗರ ಎರಚಿ ಕಬ್ಬಿಣಕ್ಕೆ ತವರ ಸವರುವುದು, ಸಂದಿಗಳಿಗೆ ಹುತ್ತದ ಮಣ್ಣು ಮೆತ್ತುವುದು, ಲೋಹ ಕಾಯುವಾಗ ಬಿದಿರ ಕಡ್ಡಿ ಅದ್ದಿ ತೆಗೆದು ಬಣ್ಣ ಹೇಳುವುದು.

"ಕಡ್ಡಿ ಏನಾಯ್ತು ಬೇಟಾ?"

"ಕಂದು ಆಯ್ತು ತಾತ."

"ಬರೀ ಕಂದಾ, ಸುಟ್ಟ ಕಂದಾ?"

"ರಾಗಿ ಹಿಟ್ಟು ಹುರಿದ ಬಣ್ಣ."

"ಇರು."

ಆಮೇಲೆ ಅವರು ಮುಖ ಮುಂದೆ ಚಾಚಿ ಆ ಹೊಗೆಯನ್ನು ಮೂಸುತ್ತಿದ್ದರು. ಒಂದು ಗಳಿಗೆ, ಎರಡು ಗಳಿಗೆ. "ಈಗ" ಎನ್ನುತ್ತಿದ್ದರು. ಸೌಟು ಎತ್ತಿದರೆ ಕೈಯ ನಡುಕ ನಿಲ್ಲುತ್ತಿತ್ತು. ಒಂದೇ ಉಸಿರಿಗೆ ಹುಯ್ದು ಸೌಟು ಕೆಳಗಿಟ್ಟ ಮೇಲೆ ಮತ್ತೆ ನಡುಗುತ್ತಿತ್ತು.

ತಣ್ಣಗಾದದ್ದನ್ನು ದಾರದಲ್ಲಿ ತೂಗುಹಾಕಿ ಮೊಳೆಯಿಂದ ಬಡಿಯುತ್ತಿದ್ದರು. ಲೋಹ ಕಬ್ಬಿಣವನ್ನು ಸರಿಯಾಗಿ ಹಿಡಿದಿದ್ದರೆ ಗಂಟೆಯ ಹಾಗೆ ನಾದ ಬರುತ್ತದೆ. ಹಿಡಿಯದಿದ್ದರೆ ಒಡೆದ ಮಡಕೆ. ಮೊದಲ ಎರಡು ಒಡೆದ ಮಡಕೆ. ಕರಗಿಸಿ ಮತ್ತೆ ಹುಯ್ದರು. ಮೂರನೆಯದು ಬಾರಿಸಿದಾಗ ಒಳಗಿದ್ದ ಜುಬೇದಾ ಕೂಡ ಹೊರಗೆ ಬಂದಳು.

ಕೆರೆಯುವ ಕೆಲಸ ಹರೀಶನಿಗೆ ಕಲಿಸಿದರು. ದಂಡಕ್ಕೆ ದೀಪದ ಮಸಿ ಹಚ್ಚಿ ತಿರುಗಿಸಿದರೆ ಉಬ್ಬಿದ ಕಡೆ ಮಸಿ ಹತ್ತುತ್ತದೆ, ಅಷ್ಟನ್ನೇ ಕೂದಲಿನಷ್ಟು ತೆಗೆಯಬೇಕು. "ಲೇ, ಅದು ನಿಮ್ಮೂರ ಚಪ್ಪಡಿ ಕಲ್ಲಲ್ಲ. ಕೆರೀಬೇಡ, ಸವರು" ಎಂದು ಮಂಡಿಗೆ ಹೊಡೆಯುತ್ತಿದ್ದರು. ಹುಯ್ಯುವುದನ್ನು ಮಾತ್ರ ಕೈಗೆ ಕೊಡಲಿಲ್ಲ. ಹರೀಶ ಕೇಳಿದಾಗೆಲ್ಲ ಒಂದೇ ಉತ್ತರ: "ಮುಂದಿನ ಎಂಜಿನ್‌ಗೆ ನೀನು ಹುಯ್ಯಿ, ನಾನು ಮೂಸ್ತೀನಿ."

ನಾನು ಅಲ್ಲಿಗೆ ಹೋಗುತ್ತಿದ್ದದ್ದು ಹತ್ತು ನಿಮಿಷಕ್ಕೆ ಎಂದು. ಕೂರುತ್ತಿದ್ದದ್ದು ಮಧ್ಯಾಹ್ನದವರೆಗೆ. ವ್ಯಾಪಾರವಿಲ್ಲದೆ ನಾನು ಒಂದು ಕಡೆ ಕೂತದ್ದು ನನ್ನ ಜೀವಮಾನದಲ್ಲಿ ಆ ಮೂರು ತಿಂಗಳು ಮಾತ್ರ.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ನನ್ನ ಶೆಡ್ಡಿನಲ್ಲಿ ಎಂಜಿನ್ ಮಾತಾಡಿತು. ಹದಿನೇಳನೇ ಸಲ ಹ್ಯಾಂಡಲ್ ಹೊಡೆದಾಗ. ಈಗಿನ ಲಾರಿಗಳ ಹಾಗೆ ಅರಚುವುದಿಲ್ಲ ಅದು. ಹೊಲಿಗೆ ಮಿಷನ್ನಿನ ಹಾಗೆ ಮೆತ್ತಗೆ, ಒಂದೇ ಸಮ. ಹರೀಶ ಜುಬೇದಾಗೆ ಫೋನ್ ಮಾಡಿ, ಫೋನನ್ನು ಎಂಜಿನ್ನಿನ ಪಕ್ಕ ಹಿಡಿದ. ಆ ಕಡೆ ಅವಳು ಅಪ್ಪನ ಕಿವಿಗೆ ಹಿಡಿದಿದ್ದಳು. ಮುದುಕರು ಆ ಸದ್ದನ್ನು ಪೂರ್ತಿ ಕೇಳಿದರು. ಆಮೇಲೆ, "ಕ್ಲೀನರ್ ಇದ್ದಾನಾ?" ಎಂದರು.

"ಇದೀನಿ ಸಾಬ್ರೇ."

"ಖಾಲಿ ಓಡಿಸು."

ಅಷ್ಟೇ. ಹನ್ನೊಂದು ದಿನಕ್ಕೆ ತೀರಿಕೊಂಡರು. ಚಳಿಗೆ ಎದೆ ಕಟ್ಟಿತ್ತಂತೆ. ಮಣ್ಣಿಗೆ ನಾವಿಬ್ಬರೂ ಹೋದೆವು. ಹರೀಶ ಲಾರಿಯಲ್ಲೇ ಹೋಗೋಣ ಎಂದ. ಇನ್ನೂ ಕ್ಯಾಬಿನ್ ಕೂರಿಸಿರಲಿಲ್ಲ, ಹೈವೇಯಲ್ಲಿ ಹಿಡಿಯುತ್ತಾರೆ ಎಂದು ನಾನು ಬೇಡವೆಂದೆ. ವ್ಯಾನಿನಲ್ಲಿ ಹೋದೆವು. ಆ ಸಲಹೆಯೂ ನನ್ನದೇ.

ಅಲ್ಲಿಂದ ಅವನು ಶಿಫ್ಟಿಗೆ ಮುಂಚೆ ಬೆಳಿಗ್ಗೆ ಲಾರಿ ತೆಗೆಯುತ್ತಿದ್ದ. ಮೈಲಿ ಮೀಟರನ್ನು ಬಿಚ್ಚಿ ಸರಿಮಾಡಿ ಸೊನ್ನೆಗೆ ತಂದಿದ್ದ. ಕ್ಯಾಬಿನ್ನಿಗೆ ಹೊಸ ಹಲಗೆ ಹಾಕಿದ. ಶೆಡ್ಡಿನಿಂದ ಸಮತಟ್ಟು ರಸ್ತೆಯಲ್ಲಿ ಹೋಗಿ, ಏರು ಶುರುವಾಗುವ ಮೊದಲೇ ತಿರುಗಿಸಿ ಬರುವುದು. ಬಂದು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಮೈಲಿ ಬರೆಯುವುದು. ಹಾಲಿನವರು, ಸೈಕಲ್ಲಿನವರು ಎಲ್ಲ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದರು. "ಲೋ, ಇಳಿದು ನಡೆಯೋ, ಬೇಗ ಹೋಗ್ತೀಯ" ಎಂದು ಟೀ ಅಂಗಡಿಯವನು ಹೇಳಿದರೆ, "ಇನ್ನೂ ಬಾಣಂತಿ ಅಣ್ಣ" ಎನ್ನುತ್ತಿದ್ದ.

ಯುಗಾದಿಗೆ ಒಂಬತ್ತು ದಿನ ಇರುವಾಗ ಬೆಂಗಳೂರಿನಿಂದ ಒಬ್ಬರು ಬಂದರು. ಹಳೆ ಗಾಡಿಗಳನ್ನು ಸಂಗ್ರಹಿಸುವವರು. ನಾನೇ ಫೋಟೋ ಕಳಿಸಿದ್ದೆ. ಹರೀಶನಿಗೆ ಹೇಳಿರಲಿಲ್ಲ. ಒಳ್ಳೆ ಬೆಲೆಗೆ ಕೊಟ್ಟು, ಅದರಲ್ಲಿ ಅವನಿಗೊಂದು ಸ್ವಂತ ವರ್ಕ್‌ಶಾಪ್ ಹಾಕಿಕೊಡಬೇಕು ಎನ್ನುವುದು ನನ್ನ ಯೋಚನೆ. ಇದನ್ನು ಈಗ ಹೇಳುವುದು ಸುಲಭ, ಆವತ್ತು ನಿಜವಾಗಿ ಎಷ್ಟಿತ್ತೋ ನನಗೇ ಗೊತ್ತಿಲ್ಲ. ಹರೀಶ ಮಾಲೂರಿನಲ್ಲಿ ಕೆಲಸದಲ್ಲಿದ್ದ.

ಬಂದವರು ಮರ್ಯಾದಸ್ಥರು. ಸುತ್ತ ನೋಡಿದರು, ಮೆಚ್ಚಿದರು, ಎಂಜಿನ್ನಿನ ಸದ್ದು ಕೇಳಿದರು. ಆಮೇಲೆ ನಗುತ್ತಾ, "ಎಳೆಯತ್ತಾ? ಇಲ್ಲ, ಮೆರವಣಿಗೆಗೆ ಮಾತ್ರಾನಾ?" ಎಂದರು.

ನನ್ನ ಮೂವತ್ತು ವರ್ಷದ ವ್ಯಾಪಾರದಲ್ಲಿ ನನ್ನ ಹೆಸರು ನಿಂತಿರುವುದು ಒಂದೇ ಮಾತಿನ ಮೇಲೆ. ನಾರಾಯಣಪ್ಪ ಗಾಡಿ ಮಾರಿದರೆ ಲೋಡು ಹಾಕಿ ಏರು ಹತ್ತಿಸಿ ತೋರಿಸಿಯೇ ಮಾರುವುದು. ಬೇರೆಯವರು ಬಾಯಲ್ಲಿ ಹೇಳುತ್ತಾರೆ, ನಾನು ಏರಿನಲ್ಲಿ ಹೇಳುತ್ತೇನೆ. ಕೈ ತಾನಾಗಿಯೇ ಎದ್ದು ಪಕ್ಕದ ಚಪ್ಪಡಿ ಕಲ್ಲಿನ ಅಂಗಡಿಯವನನ್ನು ಕರೆಯಿತು.

ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಲ್ಲು ಹೇರುತ್ತಿರುವಾಗ ಕ್ಯಾಬಿನ್ನಿನ ಹಲಗೆ ನೋಡಿದೆ. ಪೆನ್ಸಿಲಿನ ಕೊನೆಯ ಅಂಕಿ ನೂರ ಎಂಬತ್ತೆರಡು. ಎಂಜಿನ್ ಇಷ್ಟು ಚೆನ್ನಾಗಿ ಮಾತಾಡುತ್ತಿದೆ, ಮುದುಕರ ಕಾಲದ ಅತಿಜಾಗ್ರತೆ ಅದು, ಒಂದೇ ಒಂದು ಏರು ಎಂದುಕೊಂಡೆ. ಇನ್ನೂ ಒಂದು ಮಾತು ಒಳಗೇ ಬಂತು: ಮಾತು ತೆಗೆದುಕೊಂಡವರೇ ಈಗ ಇಲ್ಲ. ನಮ್ಮಪ್ಪ ಹೇಳಿದ್ದು ಸಾಕ್ಷಿ ಇಲ್ಲದ ಮಾತಿನ ಬಗ್ಗೆ. ಕೇಳುವವರೇ ಇಲ್ಲದ ಮಾತಿನ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಅದನ್ನು ನಾನೇ ತೀರ್ಮಾನಿಸಿಕೊಂಡೆ.

ಎರಡು ಟನ್ ಕಲ್ಲು. ಟೇಕಲ್ ರಸ್ತೆಯ ಏರಿಗೆ ನಾನೇ ಓಡಿಸಿದೆ, ಬೆಂಗಳೂರಿನವರು ಪಕ್ಕದಲ್ಲಿ. ಲಾರಿ ಹತ್ತಿತು. ನಿಜವಾಗಿ ಹತ್ತಿತು. ಅರ್ಧ ಏರಿನಲ್ಲಿ ಅವರು ನನ್ನ ಭುಜ ತಟ್ಟಿದರು. ಇನ್ನು ನೂರು ಮಾರು ಇತ್ತೇನೋ, ಕೆಳಗಿನಿಂದ ಯಾರೋ ಸಣ್ಣ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ್ ಟಕ್ ಶುರುವಾಯಿತು. ನಲವತ್ತು ವರ್ಷ ಗಾಡಿಗಳ ಜೊತೆ ಬದುಕಿದವನಿಗೆ ಆ ಸದ್ದು ಏನೆಂದು ಯಾರೂ ಹೇಳಬೇಕಿಲ್ಲ. ಎಂಜಿನ್ ಆರಿಸುವ ಹೊತ್ತಿಗೆ ಸುಟ್ಟ ಎಣ್ಣೆಯ ವಾಸನೆ ಕ್ಯಾಬಿನ್ ತುಂಬಿತ್ತು.

ಬಂದವರು ನೊಂದುಕೊಂಡರು, ಒರಟಾಗಿ ಒಂದು ಮಾತೂ ಆಡಲಿಲ್ಲ. ಬೇರೆ ಎಂಜಿನ್ ಕೂರಿಸಿಕೊಳ್ಳುತ್ತೇನೆ, ಹಾಗೇ ಕೊಡಿ ಎಂದರು. ಆಮೇಲೆ ಹೇಳುತ್ತೇನೆ ಎಂದು ಕಳಿಸಿದೆ. ಟ್ರ್ಯಾಕ್ಟರ್ ತಂದು ಲಾರಿಯನ್ನು ಶೆಡ್ಡಿಗೆ ಎಳೆಸಿದೆ.

ಸಂಜೆ ಶಿಫ್ಟ್ ಮುಗಿಸಿ ಹರೀಶ ಬಂದ. ದಾರಿಯಲ್ಲೇ ಯಾರೋ ಹೇಳಿದ್ದರು. ಲಾರಿಯ ಮೇಲಿನ ಕಲ್ಲು ಇನ್ನೂ ಇಳಿಸಿರಲಿಲ್ಲ.

"ಎಷ್ಟಿದೆ ಮಾಮ ಲೋಡು?"

"ಎರಡು ಟನ್."

ಅವನು ತಲೆಯಾಡಿಸಿದ, ಯಾರೋ ಗಂಟೆ ಎಷ್ಟು ಎಂದು ಹೇಳಿದ ಹಾಗೆ. ಬಟ್ಟೆ ಬದಲಿಸಿ ಕೆಳಗೆ ಮಲಗಿ ಎಂಜಿನ್ನಿನ ಎಣ್ಣೆಯನ್ನು ಒಂದು ಬಿಳಿ ಪಂಚೆಯ ಮೂಲಕ ಬಸಿದ. ಪಂಚೆಯ ಮೇಲೆ ಬೆಳ್ಳಿಯ ಚೂರುಗಳು ನಿಂತವು. ಮೂರನೆಯದು, ನಾಲ್ಕನೆಯದು, ಎರಡು ಬೇರಿಂಗು ಕರಗಿ ಹರಿದಿದ್ದವು. ಅವನು ಆ ಚೂರುಗಳನ್ನು ಒಂದೊಂದಾಗಿ ಆರಿಸಿ ತಗಡಿನ ಡಬ್ಬಕ್ಕೆ ಹಾಕತೊಡಗಿದ. ನಾನೂ ಕೂತು ಆರಿಸಲು ಕೈ ಹಾಕಿದೆ.

"ಬೇಡ ಮಾಮ" ಎಂದ. "ಎಣ್ಣೆ ಆಗತ್ತೆ ಕೈಗೆ."

ಬೈದಿದ್ದರೆ ಬದುಕುತ್ತಿದ್ದೆ.

ಆಮೇಲಿನ ಎಂಟು ದಿನ ಅವನು ರಜೆ ಹಾಕಿದ. ಜುಬೇದಾ ತಿದಿ, ಸೌಟು, ಉಳಿದ ನವಸಾಗರ ಎಲ್ಲ ಕೊಟ್ಟು, ತಾನೂ ಎರಡು ದಿನ ಬಸ್ಸಿನಲ್ಲಿ ಬಂದು ತಿದಿ ಒತ್ತಿದಳು. ಏನಾಯಿತೆಂದು ನನ್ನನ್ನು ಕೇಳಲಿಲ್ಲ. ಬಿದಿರ ಕಡ್ಡಿ ರಾಗಿ ಹಿಟ್ಟಿನ ಬಣ್ಣಕ್ಕೆ ಬರುತ್ತಿತ್ತು, ಅವನು ಹೊಗೆಯ ಮೇಲೆ ಬಾಗಿ ಮೂಸುತ್ತಿದ್ದ. ಆ ಮುದುಕರ "ಈಗ" ಎನ್ನುವುದು ಎಲ್ಲಿದೆ ಎಂದು ಹುಡುಕುತ್ತಿದ್ದ. ಹುಯ್ದು, ತಣಿಸಿ, ತೂಗುಹಾಕಿ ಬಡಿದರೆ ಒಡೆದ ಮಡಕೆ. ಕರಗಿಸಿ ಮತ್ತೆ. ಆರು ಸಲ. ಏಳನೆಯ ಸಲ ತೂಗುಹಾಕಿದ, ಮೊಳೆ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಬಡಿಯಲಿಲ್ಲ. ದಾರ ಬಿಚ್ಚಿದ.

ಯುಗಾದಿಯ ದಿನ ಅವನು ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದ. ಕಟ್ಟರ್ ಎಲ್ಲಿದೆ ಮಾಮ ಎಂದು ಕೇಳಿದ. ಮಾತು ಮಾತೇ ಎಂದು. ನಾನು ಅಡ್ಡ ನಿಂತೆ. ದೂರದ ಊರೊಂದರಲ್ಲಿ ಈ ಕೆಲಸ ಮಾಡುವವರಿದ್ದಾರೆ ಎಂದು ಅಷ್ಟರಲ್ಲಿ ಪತ್ತೆ ಹಚ್ಚಿದ್ದೆ. ಕಳಿಸೋಣ, ಖರ್ಚೆಲ್ಲ ನನ್ನದು, ಲಾರಿ ನಿನ್ನದು, ಯಾರಿಗೂ ಮಾರುವುದಿಲ್ಲ ಎಂದೆ. ಅವನು ಕೇಳುತ್ತಲೇ ಇರಲಿಲ್ಲ. ಬೇರೆ ಭಾಷೆ ನನಗೆ ಬರುವುದಿಲ್ಲ. ಟವೆಲ್ ತೆಗೆದು ಕೈ ಮೇಲೆ ಹಾಕಿಕೊಂಡು ಚಾಚಿದೆ.

"ಎಷ್ಟು ವರ್ಷ ಬೇಕೋ ಹಿಡಿ ಹರೀಶ. ಐದೂ ಹಿಡಿ."

ಅವನು ಟವೆಲನ್ನೇ ನೋಡಿದ. ಆಮೇಲೆ ಅದನ್ನು ನನ್ನ ಕೈಯಿಂದ ತೆಗೆದು, ಧೂಳು ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿ, ನನ್ನ ಹೆಗಲ ಮೇಲೆ ಹಾಕಿದ.

"ಬಿಸಿಲು ಜಾಸ್ತಿ ಇದೆ ಮಾಮ. ತಲೆಗೆ ಹಾಕ್ಕೊಂಡು ಹೋಗಿ."

ಈಗ ಅವನು ಹೊಸೂರಿನ ಕಾರ್ಖಾನೆಯಲ್ಲಿದ್ದಾನೆ. ಮದುವೆಯಾಗಿದೆ. ಅಕ್ಕನ ಮನೆಯಲ್ಲಿ ಸಿಕ್ಕರೆ ಚೆನ್ನಾಗಿಯೇ ಮಾತಾಡುತ್ತಾನೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತಾನೆ. ಲಾರಿಯ ಮಾತು ಬರುವುದಿಲ್ಲ. ಅದು ನನ್ನ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿದೆ. ಮೀಟರಿನಲ್ಲಿ ನೂರ ಎಂಬತ್ತೆಂಟು ಮೈಲಿ. ಪ್ರತಿ ಭಾನುವಾರ ಪ್ಲಗ್ ತೆಗೆದು ಆರು ತೂತಿಗೂ ಎಣ್ಣೆ ಬಿಟ್ಟು, ಹ್ಯಾಂಡಲನ್ನು ಒಂದು ಗೇಣು ತಿರುಗಿಸಿ ಬಿಡುತ್ತೇನೆ, ಮತ್ತೆ ಕಚ್ಚಿಕೊಳ್ಳಬಾರದೆಂದು. ಟೀ ಅಂಗಡಿಯವನು ಏನೂ ಕೂಗುವುದಿಲ್ಲ.

ಹೋದ ತಿಂಗಳು ಆ ವಾಸನೆ ಹಿಡಿದು ಹೋದಾಗ, ಗಲ್ಲಿಯ ಕೊನೆಯ ಮನೆಯ ಅಂಗಳದಲ್ಲಿ ಜುಬೇದಾ ಮದುವೆ ಮನೆಯ ದೊಡ್ಡ ತಪ್ಪಲೆಗೆ ಕಲಾಯಿ ಹಾಕುತ್ತಿದ್ದಳು. ಹೊಗೆಯಿಂದ ತಲೆ ಎತ್ತಿ, "ಬನ್ನಿ ಅಣ್ಣ" ಎಂದಳು, ನಿನ್ನೆ ಬಂದು ಹೋದವನನ್ನು ಕರೆದ ಹಾಗೆ. ಗೋಡೆಯ ಗೂಡಿನಲ್ಲಿ ಆ ತಗಡಿನ ಡಬ್ಬ ಇತ್ತು. ನಾನು ನೋಡಿದ್ದನ್ನು ಅವಳು ನೋಡಿದಳು.

"ಹರೀಶ ಇಟ್ಟು ಹೋಗಿದ್ದು. ಅಬ್ಬಾದು ಅಬ್ಬಾ ಮನೇಲೇ ಇರಲಿ ಅಂದ."

"ಬರ್ತಾನಾ?"

"ಹಬ್ಬಕ್ಕೆ ಬರ್ತಾನೆ. ಬಂದಾಗೆಲ್ಲ ಡಬ್ಬ ತೆಗೆದು ಮೂಸಿ ನೋಡ್ತಾನೆ. ಮತ್ತೆ ಅಲ್ಲೇ ಇಡ್ತಾನೆ."

ನಾನು ಏನೋ ಕೇಳಬೇಕೆಂದಿದ್ದೆ. ಅವಳು ತಪ್ಪಲೆಯ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದಳು, ತಣಿಯಿತೇ ಎಂದು ನೋಡಲು. ಗಂಟೆಯ ಹಾಗೆ ನಾದ ಬಂತು, ಬಹಳ ಹೊತ್ತು ಇತ್ತು. ನಿಂತ ಮೇಲೆ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಹೊರಗೆ ಬಿಸಿಲು ಸುಡುತ್ತಿತ್ತು. ಟವೆಲ್ ಹೆಗಲ ಮೇಲಿತ್ತು. ಬಸ್ ಸ್ಟ್ಯಾಂಡಿನವರೆಗೂ ಬರಿದಲೆಯಲ್ಲೇ ನಡೆದೆ.